ರೇಸ್ ಕಾರಿನ ಎಥನಾಲ್ ಪಾಠ, ನಮ್ಮ ಕಳೆಯಂತ್ರಕ್ಕೆ

2025ರ ಆಟಿ ತಿಂಗಳು. ತೋಟದಲ್ಲಿ ಹುಲ್ಲು ಮೊಣಕಾಲು ದಾಟಿತ್ತು. ಎರಡನೇ ಸಲದ ಬೋರ್ಡೋ ಸಿಂಪರಣೆಗೆ ಮರ ಹತ್ತುವವನು ಸೋಮವಾರ ಬರ್ತೇನೆ ಎಂದಿದ್ದ. ಹುಲ್ಲು ಹೊಡೆಯದೆ ಅವನು ತೋಟಕ್ಕೆ ಇಳಿಯುವವನಲ್ಲ. ಹಾವಿನ ಹೆದರಿಕೆ, ಪೈಪ್ ಎಳೆಯುವ ಕಷ್ಟ. ಹಾಗಾಗಿ ಶನಿವಾರ ಮಳೆ ಸ್ವಲ್ಪ ಬಿಟ್ಟ ಹೊತ್ತಲ್ಲಿ ಬ್ರಷ್ ಕಟ್ಟರ್ ಹೆಗಲಿಗೇರಿಸಿ ಹೊರಟೆ.

ಹತ್ತು ನಿಮಿಷ ಓಡಿತು. ಎಂದಿನ ಸ್ವರ ಅಲ್ಲ. ಕೀರಲು ಸ್ವರ, ವೇಗವೂ ಜಾಸ್ತಿ. 'ಇವತ್ತು ಒಳ್ಳೆ ಪಿಕಪ್ ಉಂಟು' ಎಂದುಕೊಂಡೆ. ಹನ್ನೊಂದನೇ ನಿಮಿಷಕ್ಕೆ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಕಲ್ಲು ಎಳೆದ ಹಾಗೆ. ಪಿಸ್ಟನ್ ಕಚ್ಚಿಕೊಂಡಿತ್ತು.

ರಿಪೇರಿಯವರು 'ಎಣ್ಣೆ ಡೂಪ್ಲಿಕೇಟ್' ಎಂದರು. ಎಣ್ಣೆ ಕೊಟ್ಟ ಅಂಗಡಿಯವರು 'ಪೆಟ್ರೋಲ್ ಸರಿ ಇಲ್ಲ' ಎಂದರು. ಬಂಕಿನವರು 'ನಿಮ್ಮ ಕ್ಯಾನ್ ನೋಡಿ' ಎಂದರು. ಮೂವರ ನಡುವೆ ನನ್ನ ಬ್ಲಾಕ್, ಪಿಸ್ಟನ್‌ಗೆ ಐದು ಸಾವಿರದ ಹತ್ತಿರ ಹೋಯಿತು. ಹುಲ್ಲು ಕತ್ತಿಯಲ್ಲಿ ಸವರಿಸಿ ಮುಗಿಸುವಾಗ ಸಿಂಪರಣೆ ಹನ್ನೆರಡು ದಿನ ತಡ. ತಗ್ಗಿನ ಬದಿಯ ಎಂಬತ್ತು ಮರದಲ್ಲಿ ಕೊಳೆ ಹಿಡಿದೇ ಬಿಟ್ಟಿತು. ಐದು ಸಾವಿರ ಎಂದದ್ದು ಬರೀ ಯಂತ್ರದ ಲೆಕ್ಕ. ಉದುರಿದ ಅಡಿಕೆಯ ಲೆಕ್ಕ ಬೇರೆ.

ಕಾರಣ ಹೇಳಿದವನು ಅಕ್ಕನ ಮಗ. ಅವನು ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಶನಿವಾರ-ಭಾನುವಾರ ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವವರ ಕಾರುಗಳಿಗೆ ಟ್ಯೂನಿಂಗ್ ಮಾಡುವುದು ಅವನ ಕೆಲಸ. ಅವುಗಳಲ್ಲಿ ಸುಮಾರು ಕಾರುಗಳು ಓಡುವುದು 85 ಭಾಗ ಎಥನಾಲ್ ಇರುವ ಇ-85ರಲ್ಲಿ. ರಜೆಯಲ್ಲಿ ಊರಿಗೆ ಬಂದಿದ್ದವ ನನ್ನ ಕಥೆ ಕೇಳಿ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. "ಮಾವ, ಯಂತ್ರ ಮತ್ತೆ ಬಿಚ್ಚುವಾ. ಮೊದ್ಲು ಆ ಪೆಟ್ರೋಲ್ ಕ್ಯಾನ್ ತೋರ್ಸಿ" ಎಂದ.

ಮುಂದಿನ ನಾಲ್ಕು ದಿನ ಜಗಲಿಯಲ್ಲಿ ಕೂತು ಅವನು ಹೇಳಿದ್ದು, ನಾವಿಬ್ಬರೂ ಮಾಡಿ ನೋಡಿದ್ದು ಇಲ್ಲಿದೆ. ಟರ್ಬೊ ಕಾರಿಗೂ ನಮ್ಮ ಹುಲ್ಲಿನ ಯಂತ್ರಕ್ಕೂ ಎಲ್ಲಿಯ ಸಂಬಂಧ ಎಂದು ಪುಟ ತಿರುವಬೇಡಿ. ಎರಡೂ ಕಡೆ ಹೊಟ್ಟೆಗೆ ಬೀಳುವ ಆಹಾರದಲ್ಲಿ ಎಥನಾಲ್ ಉಂಟು. ಅಲ್ಲಿ ಅದು ತಿಳಿದು ಹಾಕುವುದು, ಇಲ್ಲಿ ತಿಳಿಯದೆ ಹಾಕುವುದು. ವ್ಯತ್ಯಾಸ ಅಷ್ಟೇ.

ಎಥನಾಲ್ ಬಂದ ದಾರಿ

ಎಥನಾಲ್ ಎಂದರೆ ಮದ್ಯಸಾರ. ಕಬ್ಬಿನ ಕಾಕಂಬಿ, ಕಬ್ಬಿನ ಹಾಲು, ಜೋಳ, ಹಾಳಾದ ಅಕ್ಕಿ ಇವುಗಳಿಂದ ಹುಳಿ ಬರಿಸಿ ಭಟ್ಟಿ ಇಳಿಸಿದ್ದು. ನಮ್ಮ ದೇಶದಲ್ಲಿ 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5 ಬೆರೆಸುವುದರಿಂದ ಶುರು. 2022ರ ಜೂನ್ ಹೊತ್ತಿಗೆ ಶೇ. 10 ಮುಟ್ಟಿತು. ಶೇ. 20 ಬೆರೆಸಿದ ಇ-20 ಮಾರಾಟ ಉದ್ಘಾಟನೆಯಾದದ್ದು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ. 2025ಕ್ಕೆ ದೇಶದ ಸರಾಸರಿಯೇ ಶೇ. 20ಕ್ಕೆ ಬಂತು. ಅಂದರೆ ನಾವು ಕ್ಯಾನ್ ಹಿಡಿದು ಹೋಗಿ ತರುವ ಲೀಟರಿನಲ್ಲಿ ಒಂದು ಪಾವಿನಷ್ಟು ಮದ್ಯಸಾರ ಉಂಟು.

ಆಸ್ಟ್ರೇಲಿಯಾದಲ್ಲಿ ಇದೇ ಮಾಲು ರೇಸಿಗೆ ಹೋಯಿತು. ಅಲ್ಲಿಯ ದೊಡ್ಡ ಪಂದ್ಯ ವಿ8 ಸೂಪರ್‌ಕಾರ್ಸ್ 2009ರಲ್ಲಿ ಇ-85ಕ್ಕೆ ಬದಲಾಯಿತು. ಅದಕ್ಕೆ ಎಥನಾಲ್ ಬಂದದ್ದು ಕ್ವೀನ್ಸ್‌ಲ್ಯಾಂಡಿನ ಸರೀನಾ ಎಂಬ ಕಬ್ಬಿನ ಊರಿನ ಭಟ್ಟಿಯಿಂದ, ಕಾಕಂಬಿಯಿಂದ ಮಾಡಿದ್ದು. ಅಮೆರಿಕದ ಇಂಡಿಕಾರ್ ಪಂದ್ಯ 2007ರಲ್ಲೇ ಪೂರ್ತಿ ಎಥನಾಲಿಗೆ ಹೋಯಿತು. 2012ರಲ್ಲಿ ಸಣ್ಣ ಟರ್ಬೊ ಎಂಜಿನ್ ಬಂದಾಗ ಇ-85 ಹಿಡಿಯಿತು. ಬ್ರೆಜಿಲಿನಲ್ಲಂತೂ 1979ರಿಂದಲೇ ಎಥನಾಲಿನಲ್ಲೇ ಓಡುವ ಕಾರು ಮಾರುತ್ತಾರೆ.

ಹಾಗಾದರೆ ಎಥನಾಲ್ ಎಂಜಿನ್ ಹಾಳು ಮಾಡುವ ವಿಷ ಅಲ್ಲ. ರೇಸಿನವರು ಹುಡುಕಿಕೊಂಡು ಹೋಗಿ ಹಾಕುತ್ತಾರೆ. ಯಾಕೆ ಎಂದು ತಿಳಿದರೆ ನಮ್ಮಲ್ಲಿ ಯಾಕೆ ತೊಂದರೆ ಎಂಬುದೂ ತಿಳಿಯುತ್ತದೆ.

ಟರ್ಬೊ ಎಂದರೆ ತಿದಿ

ಕುಲುಮೆಯ ತಿದಿ ಗೊತ್ತಲ್ಲ? ಗಾಳಿ ಹೆಚ್ಚು ಊದಿದಷ್ಟು ಬೆಂಕಿ ಹೆಚ್ಚು. ಟರ್ಬೊ ಅದೇ ಕೆಲಸ ಮಾಡುವುದು. ಎಂಜಿನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದೇ ದಂಡಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಈಗಿನ ಕೆಲವು ಟ್ರ್ಯಾಕ್ಟರಿನ ಡೀಸೆಲ್ ಎಂಜಿನಿನಲ್ಲೂ ಟರ್ಬೊ ಉಂಟು. ಗಾಳಿ ಜಾಸ್ತಿ ಹೋದರೆ ಇಂಧನವೂ ಜಾಸ್ತಿ ಸುಡಬಹುದು, ಶಕ್ತಿಯೂ ಜಾಸ್ತಿ.

ಆದರೆ ಗಾಳಿ ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗೊತ್ತು. ಈ ಬಿಸಿ ಗಾಳಿಗೆ ಪೆಟ್ರೋಲ್ ಸೇರಿ ಪಿಸ್ಟನ್ ಮತ್ತೆ ಒತ್ತಿದಾಗ, ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಮೂಲೆಗೆ ಮುಟ್ಟುವ ಮೊದಲೇ ಅಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಪಿಸ್ಟನ್ ತಲೆಗೆ ಸುತ್ತಿಗೆ ಏಟು ಬಿದ್ದ ಹಾಗೆ. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಏರು ರಸ್ತೆಯಲ್ಲಿ ಹಳೇ ಬೈಕು ಟಾಪ್ ಗೇರಿನಲ್ಲಿ 'ಟಕಟಕ' ಎನ್ನುವುದು ಇದೇ. ಟರ್ಬೊ ಕಾರಿನಲ್ಲಿ ಇದು ಕೆಲವು ಸೆಕೆಂಡು ನಡೆದರೆ ಪಿಸ್ಟನ್ ಒಡೆಯುತ್ತದೆ.

ಇಲ್ಲಿ ಎಥನಾಲಿನ ಮೂರು ಗುಣ ಕೆಲಸಕ್ಕೆ ಬರುತ್ತದೆ.

ಒಂದು, ಅದು ಸುಲಭದಲ್ಲಿ ತಾನಾಗಿ ಸಿಡಿಯುವುದಿಲ್ಲ. ನಮ್ಮ ಹಿಂದಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91 ಎಂದರೆ ಶುದ್ಧ ಎಥನಾಲಿನದು 108ರ ಸುತ್ತ.

ಎರಡು, ತಂಪು. ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುವುದಿಲ್ಲವೇ? ಆವಿಯಾಗುವಾಗ ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರುತ್ತದೆ. ಹೋಗುವ ಪ್ರಮಾಣವೂ ಜಾಸ್ತಿಯಾದ್ದರಿಂದ ಟರ್ಬೊ ಬಿಸಿ ಮಾಡಿದ ಗಾಳಿ ಒಳಗೇ ತಣಿಯುತ್ತದೆ.

ಮೂರು, ಅದರ ತೂಕದಲ್ಲಿ ಶೇ. 35ರಷ್ಟು ಆಮ್ಲಜನಕವೇ ಉಂಟು. ಬುತ್ತಿ ಕಟ್ಟಿಕೊಂಡು ಬಂದ ಕೆಲಸದಾಳಿನ ಹಾಗೆ.

ಹಾಗಾಗಿ ಇ-85 ಹಾಕಿದ ಕಾರಿನಲ್ಲಿ ಟರ್ಬೊ ಒತ್ತಡ ಏರಿಸಬಹುದು, ಕಿಡಿ ಬೇಗ ಕೊಡಬಹುದು. ಅದೇ ಎಂಜಿನಿನಿಂದ ಹೆಚ್ಚು ಶಕ್ತಿ.

ಅದಕ್ಕೆ ಕೊಡುವ ಬೆಲೆ

"ಪುಕ್ಕಟೆ ಏನೂ ಸಿಗುದಿಲ್ಲ ಮಾವ" ಎಂದು ಅವನು ನನ್ನ ಡೈರಿಯಲ್ಲಿ ಲೆಕ್ಕ ಬರೆದ.

ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಸುಡಲು ಬೇಕಾದ ಗಾಳಿ 14.7 ಕೆ.ಜಿ. ಇ-20ಕ್ಕೆ ಸುಮಾರು 13.5. ಇ-85ಕ್ಕೆ ಸುಮಾರು 9.8. ಶುದ್ಧ ಎಥನಾಲಿಗೆ 9.

ಇದನ್ನು ತಿರುಗಿಸಿ ಓದಬೇಕು. ಎಂಜಿನ್ ಎಳೆಯುವ ಗಾಳಿ ಅಷ್ಟೇ. ಅಷ್ಟು ಗಾಳಿಗೆ ಎಥನಾಲ್ ಇದ್ದಷ್ಟೂ ಇಂಧನ ಹೆಚ್ಚು ಕೊಡಬೇಕು. ಇ-85ಕ್ಕೆ ಪೆಟ್ರೋಲಿಗಿಂತ ಶೇ. 30ರಿಂದ 40 ಹೆಚ್ಚು ಲೀಟರ್ ಬೇಕು. ಯಾಕೆಂದರೆ ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ.

ಕೊಡದೆ ಹೋದರೆ? ಗಾಳಿ ಜಾಸ್ತಿ, ಇಂಧನ ಕಮ್ಮಿ. ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಲೀನ್'. ಅದರ ಉಲ್ಟಾ, ಇಂಧನ ಜಾಸ್ತಿಯಾದರೆ 'ರಿಚ್'. ಟರ್ಬೊ ಎಂಜಿನ್ ಪೂರ್ತಿ ಭಾರದಲ್ಲಿ ಲೀನ್ ಆದರೆ ಉಳಿಯುವುದಿಲ್ಲ.

ಹಾಗಾಗಿ ಅವರ ಗ್ಯಾರೇಜಿನಲ್ಲಿ ಕೆಲಸಕ್ಕೆ ಒಂದು ಕ್ರಮ ಉಂಟು. ಆ ಕ್ರಮ ತಪ್ಪಿಸುವ ಹಾಗಿಲ್ಲ.

ಮೊದಲು ಇಂಧನ ಏನೆಂದು ತಿಳಿಯುವುದು. ಬಂಕಿನಲ್ಲಿ ಇ-85 ಎಂದು ಬರೆದಿದ್ದರೂ ಕೆಲವೊಮ್ಮೆ ಎಥನಾಲ್ 70 ಭಾಗವೇ ಇರಬಹುದು. ಪೈಪಿನಲ್ಲಿ ಕೂರಿಸಿದ ಒಂದು ಸೆನ್ಸರ್ ಶೇಕಡಾ ಎಷ್ಟೆಂದು ಕಂಪ್ಯೂಟರಿಗೆ ಹೇಳುತ್ತದೆ. ಅದು ಇಲ್ಲದವರು ಗಾಜಿನ ನಳಿಗೆಯಲ್ಲಿ ನೀರು ಹಾಕಿ ಪರೀಕ್ಷೆ ಮಾಡುತ್ತಾರೆ. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಇಂಧನ ತಲುಪಿಸುವ ದಾರಿ. ದೊಡ್ಡ ಪಂಪ್, ದೊಡ್ಡ ಇಂಜೆಕ್ಟರ್, ಎಥನಾಲ್ ತಾಳುವ ರಬ್ಬರ್ ಪೈಪ್. ಆಮೇಲೆ ಹೊಗೆ ಕೊಳವೆಯ ಆಮ್ಲಜನಕ ಸೆನ್ಸರ್ ನೋಡಿಕೊಂಡು ಇಂಧನದ ಪಟ್ಟಿ ತಿದ್ದುವುದು. ಆ ಮಾಪಕದಲ್ಲಿ 1 ಎಂದರೆ ಸರಿಯಾದ ಅಳತೆ, ಯಾವ ಇಂಧನಕ್ಕೂ ಅದೇ. ಪೂರ್ತಿ ಭಾರದಲ್ಲಿ 0.8ರ ಆಸುಪಾಸು ಇಡುತ್ತಾರೆ. ಅಂದರೆ ಬೇಕಾದದ್ದಕ್ಕಿಂತ ಸ್ವಲ್ಪ ರಿಚ್.

ಮೂರನೆಯದು ಕಿಡಿಯ ಹೊತ್ತು. ಇಲ್ಲಿ ಒಂದು ಮೋಸ ಉಂಟಂತೆ. ಪೆಟ್ರೋಲಿನಲ್ಲಿ ಕಿಡಿ ಬೇಗ ಮಾಡುತ್ತಾ ಹೋದರೆ ನಾಕಿಂಗ್ ಶುರುವಾಗಿ 'ಸಾಕು' ಎಂದು ಎಂಜಿನೇ ಹೇಳುತ್ತದೆ. ಎಥನಾಲಿನಲ್ಲಿ ಹೇಳುವುದಿಲ್ಲ. ಶಕ್ತಿ ಹೆಚ್ಚುವುದು ನಿಂತ ಮೇಲೂ ಸದ್ದಿಲ್ಲದೆ ಮುಂದೆ ಹೋಗಬಹುದು. ಒಳಗಿನ ಒತ್ತಡ ಮಾತ್ರ ಏರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ಕಾರನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆದು, ಹೆಚ್ಚಳ ನಿಂತಲ್ಲೇ ನಿಲ್ಲಿಸುತ್ತಾರೆ.

ಕೊನೆಗೆ ಟರ್ಬೊ ಒತ್ತಡ. ಅದೂ ಸ್ವಲ್ಪ ಸ್ವಲ್ಪವೇ.

"ಒಂದು ಸಲಕ್ಕೆ ಒಂದೇ ಬದಲಾವಣೆ. ಬರೆದಿಡ್ಬೇಕು. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಏನಾಯ್ತು ಗೊತ್ತಾಗುದಿಲ್ಲ" ಎಂದ. ಗೊಬ್ಬರದ ಪ್ರಯೋಗ ಮಾಡುವ ನಮಗೆ ಇದು ಹೊಸ ಮಾತಲ್ಲ.

ನಮ್ಮ ಯಂತ್ರದ ಲೆಕ್ಕ

ಈಗಿನ ಬೈಕು, ಕಾರಿನಲ್ಲಿ ಸೆನ್ಸರ್, ಕಂಪ್ಯೂಟರ್ ಇರುವುದರಿಂದ ಸ್ವಲ್ಪ ಮಟ್ಟಿಗೆ ತಾನೇ ಸರಿ ಮಾಡಿಕೊಳ್ಳುತ್ತದೆ. ಮೈಲೇಜ್ ಮಾತ್ರ ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯೇ, ಹಳೇ ವಿನ್ಯಾಸದ ಕಾರಿಗೆ ಶೇ. 6-7, ದ್ವಿಚಕ್ರಕ್ಕೆ ಶೇ. 3-4 ಇಳಿಯಬಹುದು ಎಂದು ಒಪ್ಪಿಕೊಂಡಿತ್ತು.

ನಮ್ಮ ಬ್ರಷ್ ಕಟ್ಟರ್, ಚೈನ್ ಗರಗಸ, ಸ್ಪ್ರೇಯರ್ ಎಂಜಿನಿಗೆ ಕಂಪ್ಯೂಟರ್ ಇಲ್ಲ. ಕಾರ್ಬ್ಯುರೇಟರಿನ ಜೆಟ್ ಎಂಬ ಸಣ್ಣ ತೂತಿನಲ್ಲಿ ಎಷ್ಟು ಇಳಿಯುತ್ತದೋ ಅಷ್ಟೇ. ಆ ತೂತು ಮಾಡಿದ್ದು ಬರೀ ಪೆಟ್ರೋಲಿಗೋ ಇ-10ಕ್ಕೋ. ಇ-20 ಹಾಕಿದರೆ ಬೇಕಾದ್ದಕ್ಕಿಂತ ಸುಮಾರು ಶೇ. 7 ಕಮ್ಮಿ ಇಂಧನ ಹೋದ ಲೆಕ್ಕ. ಇ-10ಕ್ಕೆ ಹೊಂದಿಸಿದ ಯಂತ್ರವಾದರೆ ಶೇ. 3-4 ಕಮ್ಮಿ.

ಇದು ಎಷ್ಟು ಸಣ್ಣ ವಿಷಯ ನೋಡಿ. 0.70 ಮಿ.ಮೀ. ಜೆಟ್ ಇದ್ದರೆ ಶೇ. 7 ಹೆಚ್ಚು ಇಳಿಯಲು 0.72 ಮಿ.ಮೀ. ಸಾಕು. ತಲೆಕೂದಲಿನ ದಪ್ಪದ ಅರ್ಧವೂ ಇಲ್ಲ. ಹಾಗಾಗಿ ಸೂಜಿ, ತಂತಿ ತುರುಕಿ ತೂತು ದೊಡ್ಡ ಮಾಡುವವರು ಶೇ. 7 ಮಾಡುವ ಬದಲು ಶೇ. 30 ಮಾಡಿರುತ್ತಾರೆ. ಬೇಕಿದ್ದರೆ ಮುಂದಿನ ನಂಬರಿನ ಜೆಟ್ ತರಿಸಿ ಹಾಕಬೇಕು. ತೂತು ಕೊರೆಯಬಾರದು.

"ಈ ಶೇ. 7 ಮಾತ್ರ ಒಂದು ಒಳ್ಳೆ ಎಂಜಿನನ್ನು ಕೊಲ್ಲುದಿಲ್ಲ" ಎಂದೂ ಅವನು ಹೇಳಿದ. ಎಥನಾಲಿನ ತಂಪು ಗುಣ ಸ್ವಲ್ಪ ಕಾಪಾಡುತ್ತದೆ. ಆದರೆ ಟ್ಯಾಂಕಿನ ಫಿಲ್ಟರ್ ಅರ್ಧ ಕಟ್ಟಿದೆ, ಪೈಪ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ, ಡಯಾಫ್ರಾಮ್ ಗಟ್ಟಿಯಾಗಿದೆ ಎಂದಾದರೆ ಮೊದಲೇ ಲೀನ್ ಇರುವ ಯಂತ್ರಕ್ಕೆ ಇದೊಂದು ಸೇರಿಕೊಳ್ಳುತ್ತದೆ.

ಎಣ್ಣೆಯ ವಿಷಯದಲ್ಲೂ ನಾನು ತಪ್ಪು ತಿಳಿದಿದ್ದೆ. ಹೆದರಿಕೆಗೆ ಲೀಟರಿಗೆ ಇನ್ನೊಂದು ಮುಚ್ಚಳ ಹೆಚ್ಚೇ ಹಾಕುತ್ತಿದ್ದೆ. ಎಣ್ಣೆ ಹೆಚ್ಚಾದಷ್ಟು ಅದೇ ಲೀಟರಿನಲ್ಲಿ ಪೆಟ್ರೋಲ್ ಕಮ್ಮಿ, ಮಿಶ್ರಣ ಇನ್ನಷ್ಟು ಲೀನ್. ಕೈಪಿಡಿಯಲ್ಲಿ ಹೇಳಿದ ಅಳತೆಯೇ ಸರಿ.

ಕ್ಯಾನಿನೊಳಗೆ ಕಂಡದ್ದು

ಈಗ ನನ್ನ ಕ್ಯಾನಿನ ಕಥೆ. ಜೂನ್ ಮೊದಲ ವಾರ ಐದು ಲೀಟರ್ ತಂದು ಎಣ್ಣೆ ಬೆರೆಸಿ ಇಟ್ಟದ್ದು. ಅರ್ಧ ಮುಗಿದಿತ್ತು. ಕೊಟ್ಟಿಗೆಯ ಇಳಿಮಾಡಿನ ಕೆಳಗೆ, ಮುಚ್ಚಳ ಸಡಿಲ. ನಡುವೆ ಒಂದೂವರೆ ತಿಂಗಳ ಮಳೆ.

ಅವನು ಉಳಿದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಹೊಯ್ದು ಅಂಗಳದ ಕಟ್ಟೆಯಲ್ಲಿ ಇಟ್ಟ. ಕಾಲು ಗಂಟೆ ಬಿಟ್ಟು ನೋಡಿದರೆ ಮಧ್ಯದಲ್ಲಿ ಒಂದು ಗೆರೆ! ಮೇಲಿನದು ಎಣ್ಣೆಯ ಬಣ್ಣದ್ದು. ಕೆಳಗೆ ಮೂರು ಬೆರಳಷ್ಟು ಬಹುತೇಕ ಬಣ್ಣವೇ ಇಲ್ಲದ್ದು.

ಆದದ್ದು ಇಷ್ಟು. ಪೆಟ್ರೋಲಿಗೂ ನೀರಿಗೂ ಆಗಿ ಬರುವುದಿಲ್ಲ. ಎಥನಾಲಿಗೆ ಇಬ್ಬರೂ ನೆಂಟರು. ಸ್ವಲ್ಪ ನೀರು ಬಂದರೆ ಎಥನಾಲ್ ಅದನ್ನು ತನ್ನ ಹೊಟ್ಟೆಯಲ್ಲಿಟ್ಟು ಪೆಟ್ರೋಲಿನ ಜೊತೆಗೇ ಇರುತ್ತದೆ. ಇ-10 ಪೆಟ್ರೋಲ್ ಲೀಟರಿಗೆ ಸುಮಾರು 5 ಮಿ.ಲೀ., ಅಂದರೆ ಒಂದು ಚಹಾ ಚಮಚ ನೀರು ತಾಳುತ್ತದೆ. ಇ-20 ಇನ್ನು ಸ್ವಲ್ಪ ಹೆಚ್ಚು ತಾಳುತ್ತದೆ. ಅದಕ್ಕಿಂತ ಒಂದಿಷ್ಟು ಹೆಚ್ಚಾಯಿತೋ, ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗಿಬಿಡುತ್ತದೆ. ಎರಡೂ ಸೇರಿ ತಳದಲ್ಲಿ ಕೂರುತ್ತದೆ. ಚಳಿ ಇದ್ದಷ್ಟು ಇದು ಬೇಗ.

ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಈಗ ನೆನಪು ಮಾಡಿ, ಯಂತ್ರದ ಟ್ಯಾಂಕಿನಲ್ಲಿ ತೂಕದ ಫಿಲ್ಟರ್ ಕಟ್ಟಿದ ಪೈಪ್ ಎಲ್ಲಿರುತ್ತದೆ? ತಳದಲ್ಲಿ. ಅದು ಎಳೆದದ್ದು ಎಣ್ಣೆಯೇ ಇಲ್ಲದ ನೀರು-ಮದ್ಯಸಾರ. ಟು ಸ್ಟ್ರೋಕ್ ಎಂಜಿನಿಗೆ ಬೇರೆ ಎಣ್ಣೆ ಇಲ್ಲ, ಪೆಟ್ರೋಲಿನಲ್ಲಿ ಬಂದದ್ದೇ ಎಣ್ಣೆ. ಒಣಗಿದ ಪಿಸ್ಟನ್ ಕಚ್ಚಿತು. ನಾನು 'ಪಿಕಪ್' ಎಂದುಕೊಂಡ ಕೀರಲು ಸ್ವರ ಲೀನ್ ಆದ ಎಂಜಿನಿನ ಸ್ವರ.

ಎಣ್ಣೆಯವರದ್ದೂ ತಪ್ಪಲ್ಲ, ಬಂಕಿನವರದ್ದೂ ತಪ್ಪಲ್ಲ. ತಪ್ಪು ನನ್ನ ಮುಚ್ಚಳದ್ದು. ಆದರೆ ಒಂದು ಮಾತು. ಪೆಟ್ರೋಲ್ ಬದಲಾಗಿದೆ, ಇಡುವ ಕ್ರಮವೂ ಬದಲಾಗಬೇಕು ಎಂದು ಯಂತ್ರ ಮಾರಿದವರಾಗಲಿ ಪೆಟ್ರೋಲ್ ಮಾರಿದವರಾಗಲಿ ಒಂದು ಚೀಟಿಯನ್ನೂ ಕೊಡಲಿಲ್ಲ. ಹಿಂದೆ ಬರೀ ಪೆಟ್ರೋಲ್ ಇದ್ದಾಗ ನೀರು ಬಿದ್ದರೆ ಹನಿಯಾಗಿ ತಳದಲ್ಲಿ ಕಾಣುತ್ತಿತ್ತು, ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಈಗ ಕೆಮ್ಮದೆ ಓಡುತ್ತದೆ. ಅದೇ ಅಪಾಯ.

ಬಾಟಲಿ ಪರೀಕ್ಷೆ

ರೇಸಿನವರು ಮಾಡುವ ಪರೀಕ್ಷೆ ಇದು. ಗೆರೆ ಇರುವ 100 ಮಿ.ಲೀ.ಯ ಗಾಜಿನ ಅಳತೆ ನಳಿಗೆ ಒಂದು ಸಾಕು.

1. ನಳಿಗೆಗೆ ಸರಿಯಾಗಿ 10 ಮಿ.ಲೀ. ನೀರು ಹಾಕಿ. ಗೆರೆ ಚೆನ್ನಾಗಿ ಕಾಣಲು ಒಂದು ತೊಟ್ಟು ಶಾಯಿ ಬೆರೆಸಬಹುದು.

2. ಮೇಲಿನಿಂದ 50 ಮಿ.ಲೀ. ಪೆಟ್ರೋಲ್ ಹಾಕಿ. ಎಣ್ಣೆ ಬೆರೆಸದ್ದೇ ಆಗಬೇಕು. ಒಟ್ಟು 60ರ ಗೆರೆಗೆ ಬರಬೇಕು.

3. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ. ನಡುವೆ ಒಮ್ಮೆ ಮುಚ್ಚಳ ತೆಗೆದು ಆವಿ ಬಿಡಿ. ಹತ್ತು ನಿಮಿಷ ಅಲುಗಿಸದೆ ಇಡಿ.

4. ಕೆಳಗಿನ ಪದರ ಎಷ್ಟಕ್ಕೆ ಬಂತು ನೋಡಿ. 10 ಇದ್ದದ್ದು 20ರ ಹತ್ತಿರ ಬಂದರೆ, ಹೆಚ್ಚಿದ 10 ಮಿ.ಲೀ. ಎಥನಾಲ್. 50ಕ್ಕೆ 10, ಅಂದರೆ ಶೇ. 20. 15ಕ್ಕೆ ಬಂದರೆ ಶೇ. 10. ಕೂದಲೆಳೆ ಲೆಕ್ಕ ಬರುವುದಿಲ್ಲ, ಒಂದೆರಡು ಭಾಗ ಆಚೀಚೆ ಆಗುತ್ತದೆ.

ಇದನ್ನು ಅಂಗಳದಲ್ಲೇ ಮಾಡಿ. ಹತ್ತಿರ ಒಲೆ, ಬೀಡಿ ಬೇಡ. ಪರೀಕ್ಷೆಯ ಪೆಟ್ರೋಲನ್ನು ಯಂತ್ರಕ್ಕೆ ಹಾಕಲೇಬೇಡಿ. ನಾವು ಮಾಡಿದಾಗ ನಮ್ಮ ಬಂಕಿನದು 20ರ ಗೆರೆಗೇ ಬಂತು. ಹೇಳಿದಷ್ಟೇ ಇತ್ತು, ಮೋಸ ಇರಲಿಲ್ಲ.

ಕೆಲವರು ಹೀಗೆ ನೀರು ಹಾಕಿ ಎಥನಾಲ್ 'ತೊಳೆದು' ಮೇಲಿನ ಪೆಟ್ರೋಲ್ ಮಾತ್ರ ಬಳಸುತ್ತಾರೆ. ಇದು ಬೇಡ. ತೊಳೆದ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ, ನೀರಿನ ಅಂಶವೂ ಉಳಿಯುತ್ತದೆ. ಬೆಂಕಿಯ ಅಪಾಯ ಬೇರೆ.

ಕಾರ್ಬ್ಯುರೇಟರ್ ಹೊಂದಿಸುವುದು

ಹೊಸ ಬ್ಲಾಕ್ ಹಾಕಿದ ಮೇಲೆ ಅವನ ಕಣ್ಣೆದುರು ನಾನೇ ಹೊಂದಿಸಿದೆ. ಎಲ್, ಎಚ್, ಟಿ ಎಂಬ ಮೂರು ಸ್ಕ್ರೂ ಇರುವ ಹಳೇ ಮಾದರಿಗೆ ಇದು. ಹೊಸ ಯಂತ್ರಗಳಲ್ಲಿ ಸ್ಕ್ರೂಗೆ ಟೊಪ್ಪಿ ಹಾಕಿ ತಿರುಗದ ಹಾಗೆ ಮಾಡಿರುತ್ತಾರೆ. ಗ್ಯಾರಂಟಿ ಇದ್ದರೆ ಮುಟ್ಟಬೇಡಿ, ಕೊಟ್ಟವರಲ್ಲೇ ಮಾಡಿಸಿ.

ಮೊದಲು ಸ್ಕ್ರೂಡ್ರೈವರ್ ಬೇಡ. ಗಾಳಿ ಫಿಲ್ಟರ್ ತೊಳೆಯಿರಿ, ಟ್ಯಾಂಕಿನ ಫಿಲ್ಟರ್ ಬದಲಿಸಿ, ಪೈಪ್ ಬಗ್ಗಿಸಿ ಬಿರುಕು ನೋಡಿ, ಹೊಸ ಪೆಟ್ರೋಲ್ ಹಾಕಿ. ಅರ್ಧ ರೋಗ ಇಲ್ಲೇ ಗುಣ.

ಆಮೇಲೆ ಈಗ ಇರುವ ಸ್ಥಾನ ಬರೆದಿಡಿ. ಎಲ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸುತ್ತಾ ತಳ ಮುಟ್ಟುವವರೆಗೆ ಎಷ್ಟು ಸುತ್ತು ಎಂದು ಎಣಿಸಿ, ಅಷ್ಟೇ ಹಿಂದೆ ತನ್ನಿ. ಎಚ್‌ಗೂ ಹಾಗೆಯೇ. ಬಿಗಿ ಮಾಡಬಾರದು, ಸೂಜಿ ತುದಿ ಹಾಳಾಗುತ್ತದೆ. ಒಳಗೆ ಹೋದರೆ ಲೀನ್, ಹೊರಗೆ ಬಂದರೆ ರಿಚ್.

ಬ್ಲೇಡ್, ಗಾರ್ಡ್ ಎಲ್ಲ ಹಾಕಿ ಐದು ನಿಮಿಷ ಬಿಸಿ ಮಾಡಿ. ಎಲ್ ಸ್ಕ್ರೂವನ್ನು ಒಳಗೆ ತಿರುಗಿಸಿ ಎಂಜಿನ್ ತಡವರಿಸುವಲ್ಲಿ ನಿಲ್ಲಿಸಿ. ಹೊರಗೆ ತಿರುಗಿಸಿ ಮತ್ತೆ ತಡವರಿಸುವ ಜಾಗ ನೋಡಿ. ನಡುವೆ ಎಲ್ಲಿ ಚುರುಕೋ ಅಲ್ಲಿಂದ ಅರೆಕಾಲು ಸುತ್ತು ಹೊರಗೆ ಇಡಿ. ತಟ್ಟನೆ ಎಕ್ಸಿಲೇಟರ್ ಒತ್ತಿದಾಗ ಗಕ್ ಎಂದು ಸಾಯುವ ಹಾಗಾದರೆ ಇನ್ನೂ ಲೀನ್, ಸ್ವಲ್ಪ ಹೊರಗೆ ಬಿಡಿ. ಬಿಟ್ಟಾಗ ಬ್ಲೇಡ್ ತಿರುಗುತ್ತಲೇ ಇದ್ದರೆ ಟಿ ಸ್ಕ್ರೂ ಇಳಿಸಿ.

ಈಗ ಎಚ್. ಇದು ಎಂಜಿನಿನ ಆಯುಷ್ಯದ ಸ್ಕ್ರೂ. ಮೊದಲು ಕಾಲು ಸುತ್ತು ಹೊರಗೆ ಬಿಟ್ಟು ಪೂರ್ತಿ ಎಕ್ಸಿಲೇಟರ್ ಕೊಡಿ. 'ಬ್ರರ್ ಬ್ರರ್' ಎಂಬ ಒಡಕು ಸ್ವರ ಬರಬೇಕು. ಅದು ರಿಚ್. ಮೆಲ್ಲಗೆ ಒಳಗೆ ತಿರುಗಿಸಿ. ಸ್ವರ ನಯವಾಗಲು ಶುರುವಾದ ಕೂಡಲೇ ನಿಲ್ಲಿಸಿ, ಅರೆಕಾಲು ಸುತ್ತು ಹೊರಗೆ ತನ್ನಿ. ಹುಲ್ಲಿಗೆ ಇಟ್ಟಾಗ ನಯ, ಹುಲ್ಲಿನಿಂದ ಎತ್ತಿದಾಗ ಸ್ವಲ್ಪ ಒಡಕು. ಇದು ಸರಿಯಾದ ಗುರುತು. ಪೂರ್ತಿ ವೇಗದಲ್ಲಿ ಖಾಲಿ ಓಡಿಸುವುದು ಕೆಲವೇ ಸೆಕೆಂಡು ಇರಲಿ. ಕೀರಲು ಸ್ವರಕ್ಕೆ ಆಸೆಪಟ್ಟು ಒಳಗೆ ತಿರುಗಿಸಿದರೆ ನನ್ನ ಗತಿಯೇ.

ಅರ್ಧ ಗಂಟೆ ಕೆಲಸ ಮಾಡಿ ಪ್ಲಗ್ ಬಿಚ್ಚಿ. ಕಾಫಿ ಪುಡಿ ಬಣ್ಣ ಇದ್ದರೆ ಸರಿ. ಎಥನಾಲ್ ಪೆಟ್ರೋಲಿನಲ್ಲಿ ಸ್ವಲ್ಪ ತಿಳಿಯಾಗಿಯೇ ಕಾಣಬಹುದು. ಸುಣ್ಣದ ಹಾಗೆ ಬಿಳಿ ಆಗಿದ್ದರೆ ಲೀನ್, ಮಸಿ ಹಿಡಿದರೆ ರಿಚ್.

ಫೋರ್ ಸ್ಟ್ರೋಕ್ ಸ್ಪ್ರೇಯರ್ ಎಂಜಿನಿನಲ್ಲಿ ಸ್ಕ್ರೂ ಇರುವುದಿಲ್ಲ, ಜೆಟ್ ಮಾತ್ರ. ಅದಕ್ಕೆ ಸುಲಭ ಪರೀಕ್ಷೆ: ಭಾರದಲ್ಲಿ ಓಡುವಾಗ ಚೋಕ್ ಕಾಲು ಭಾಗ ಎಳೆಯಿರಿ. ಎಂಜಿನ್ ಮಂಕಾದರೆ ಇಂಧನ ಸರಿ ಇದೆ. ಚುರುಕಾದರೆ ಇಂಧನ ಸಾಲುತ್ತಿಲ್ಲ. ಮೊದಲು ಕಾರ್ಬ್ಯುರೇಟರ್ ತೊಳೆದು ನೋಡಿ, ಆಮೇಲೆ ಜೆಟ್ ಯೋಚನೆ. ನನ್ನ ಸ್ಪ್ರೇಯರ್ ತೊಳೆದದ್ದರಲ್ಲೇ ಸರಿಯಾಯಿತು. ಜೆಟ್ಟಿನ ಬಾಯಿಯಲ್ಲಿ ಹಸಿರು ಕಿಲುಬು ಕೂತಿತ್ತು.

ಇಡುವ ಕ್ರಮ

* ಹದಿನೈದು-ಇಪ್ಪತ್ತು ದಿನಕ್ಕೆ ಬೇಕಾದಷ್ಟೇ ತನ್ನಿ. ಐದು ಲೀಟರಿನ ಕ್ಯಾನಿಗಿಂತ ಎರಡು ಲೀಟರಿನದು ಒಳ್ಳೆಯದು.

* ಮುಚ್ಚಳ ಬಿಗಿ, ಒಳಗೆ ವಾಷರ್ ಇರಲಿ. ಗಾಳಿಯ ತೇವಕ್ಕಿಂತ ಸೋರಿದ ಮಳೆನೀರೇ ದೊಡ್ಡ ಶತ್ರು.

* ಎಣ್ಣೆ ಬೆರೆಸುವುದು ಅವತ್ತಿಗೆ ಬೇಕಾದಷ್ಟಕ್ಕೆ. ಹಾಕುವ ಮೊದಲು ಗಾಜಿನ ಬಾಟಲಿಗೆ ಸ್ವಲ್ಪ ಹೊಯ್ದು ನೋಡಿ. ಗೆರೆ ಕಂಡರೆ, ಮಂಜಾಗಿ ಕಂಡರೆ ಹಾಕಬೇಡಿ. ಕುಲುಕಿದರೆ ಅದು ಸರಿಯಾಗುವುದಿಲ್ಲ.

* ಎಂಟು-ಹತ್ತು ದಿನ ಕೆಲಸ ಇಲ್ಲ ಎಂದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

* ಪೈಪ್, ಡಯಾಫ್ರಾಮ್ ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ನೋಡಿ. ಹಳೇ ಕಾಲದ ರಬ್ಬರ್, ಬೆಂಡಿನ ವಾಷರ್ ಎಥನಾಲಿಗೆ ಉಬ್ಬುತ್ತದೆ, ಆಮೇಲೆ ಒಡೆಯುತ್ತದೆ. ಎಥನಾಲ್ ತಾಳುವ ಪೈಪ್ ಎಂದೇ ಕೇಳಿ ತನ್ನಿ.

* ಯಂತ್ರ ಕೊಳ್ಳುವಾಗ ಕೈಪಿಡಿಯಲ್ಲಿ ಶೇಕಡಾ ಎಷ್ಟು ಎಥನಾಲ್ ಆಗಬಹುದು ಎಂದು ಬರೆದಿದೆ, ಓದಿ. ಬರೆಯದಿದ್ದರೆ ಅಂಗಡಿಯವರಿಂದ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

* ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗಲು ತಡ ಆಗಬಹುದು. ಎಥನಾಲ್ ತಂಪಿನಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ. ಚೋಕ್ ಎರಡು ಎಳೆತ ಹೆಚ್ಚು ಇರಲಿ, ಹಗ್ಗದ ಮೇಲೆ ಸಿಟ್ಟು ಬೇಡ.

ಕೊನೆಗೆ

ಈ ಮದ್ಯಸಾರಕ್ಕೆ ಬಯ್ಯುವಾಗ ಒಂದು ನೆನಪಿರಲಿ. ಇದು ಬಂದದ್ದು ಇನ್ನೊಬ್ಬ ರೈತನ ಹೊಲದಿಂದ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬಿನವರು, ದಾವಣಗೆರೆ, ಹಾವೇರಿಯ ಮೆಕ್ಕೆಜೋಳದವರು. ಅವರ ಬೆಳೆಗೆ ಇದರಿಂದ ಒಂದು ಮಾರುಕಟ್ಟೆ ಆಯಿತೆಂದರೆ ನಮಗೆ ಹೊಟ್ಟೆಕಿಚ್ಚು ಯಾಕೆ? ಆದರೆ ಅವರ ಲಾಭದ ಖರ್ಚು ನಮ್ಮ ಪಿಸ್ಟನ್ ಮೇಲೆ ಬೀಳಬಾರದು. ತಿಳಿವಳಿಕೆ ಕೊಡುವುದು ಮಾರುವವರ ಕರ್ತವ್ಯ, ಕೇಳುವುದು ನಮ್ಮ ಹಕ್ಕು.

ಅಕ್ಕನ ಮಗ ವಾಪಸು ಹೋಗುವ ದಿನ ಕೇಳಿದೆ, "ಅಲ್ಲ ಮಾರಾಯ, ನೀನು ಅಷ್ಟು ದೊಡ್ಡ ಕಾರಿಗೆ ಮಾಡುದೂ ಇಷ್ಟೇಯಾ?"

"ಇಷ್ಟೇ ಮಾವ. ಟ್ಯಾಂಕಿನಲ್ಲಿ ಏನುಂಟು ಅಂತ ಮೊದ್ಲು ನೋಡುದು. ಅದು ಬಿಟ್ಟು ಉಳಿದದ್ದೆಲ್ಲ ಮಾಡುವವರೇ ಎಂಜಿನ್ ಒಡೆಯುದು" ಎಂದ.

ಆ ಗಾಜಿನ ನಳಿಗೆ ಈಗ ನಮ್ಮ ಜಗಲಿಯ ಗೂಡಿನಲ್ಲಿ, ಮೈಲುತುತ್ತಿನ ತಕ್ಕಡಿಯ ಪಕ್ಕದಲ್ಲೇ ಉಂಟು. ನೆರೆಕರೆಯ ಮೂವರು ತಮ್ಮ ಕ್ಯಾನ್ ಹಿಡಿದುಕೊಂಡು ಬಂದು ನೋಡಿಸಿಕೊಂಡು ಹೋಗಿದ್ದಾರೆ. ಒಬ್ಬರದ್ದರಲ್ಲಿ ಗೆರೆ ಇತ್ತು. ಒಂದು ಯಂತ್ರ ಉಳಿಯಿತು.